ಯಂತ್ರಕವಚ ತೊಟ್ಟ ಯೋಧ ಎಷ್ಟು ಎತ್ತರ ಜಿಗಿಯಬಲ್ಲ?

ಮಹಾಭಾರತದ ಕರ್ಣ ಹುಟ್ಟುವಾಗಲೇ ಕವಚ ತೊಟ್ಟು ಬಂದವನು. ಆ ಕವಚ ಶತ್ರುವಿನ ಬಾಣವನ್ನು ತಡೆಯುತ್ತಿತ್ತೇ ಹೊರತು ಅವನ ತೋಳಿಗೆ ಹೆಚ್ಚಿನ ಬಲವನ್ನೇನೂ ಕೊಡುತ್ತಿರಲಿಲ್ಲ. ಕವಚವೆಂದರೆ ರಕ್ಷಣೆ ಎಂಬ ಈ ತಿಳಿವಳಿಕೆ ಶತಮಾನಗಳ ಕಾಲ ಹಾಗೆಯೇ ಉಳಿದಿತ್ತು. ಇಪ್ಪತ್ತನೆಯ ಶತಮಾನದ ವಿಜ್ಞಾನ ಕಥೆಗಾರರು ಅದಕ್ಕೆ ಇನ್ನೊಂದು ಗುಣವನ್ನು ಸೇರಿಸಿದರು. ತೊಟ್ಟವನ ಬಲವನ್ನು ಹಲವಾರು ಪಟ್ಟು ಹೆಚ್ಚಿಸುವ, ಮೋಟಾರುಗಳಿಂದ ನಡೆಯುವ, ಮನುಷ್ಯನೇ ಒಳಗೆ ನಿಂತು ಆಡಿಸುವ ಯಂತ್ರಕವಚವನ್ನು ಅವರು ಕಲ್ಪಿಸಿದರು. ಅನ್ಯಗ್ರಹದಿಂದ ಬಂದ ವೈರಿಗಳನ್ನು ಇಂಥ ಉಡುಪು ತೊಟ್ಟ ಸೈನಿಕರು ಎದುರಿಸುವ ಕಥೆಗಳು ಈಗ ಕಾದಂಬರಿ, ಸಿನಿಮಾ, ಕಂಪ್ಯೂಟರ್ ಆಟ ಎಲ್ಲದರಲ್ಲೂ ಇವೆ. ನಿಮ್ಮ ತರಗತಿಯ ಹುಡುಗರಿಗೆ ಇವು ನಿಮಗಿಂತ ಚೆನ್ನಾಗಿ ಗೊತ್ತಿರಲೂಬಹುದು.

ಇಂಥ ಕಥೆಯನ್ನು ಓದುವಾಗ ಬರುವ ಮೊದಲ ಅನುಮಾನ ಸಾಮಾನ್ಯವಾಗಿ ಅನ್ಯಗ್ರಹ ಜೀವಿಗಳ ಬಗ್ಗೆ. ಉಡುಪಿನ ಬಗ್ಗೆ ಯಾರೂ ಅಷ್ಟಾಗಿ ಪ್ರಶ್ನಿಸುವುದಿಲ್ಲ. ಅದು ಬರೀ ಎಂಜಿನಿಯರುಗಳ ಕೆಲಸ, ಇಂದಲ್ಲ ನಾಳೆ ಆಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ಪಿಯುಸಿ ಮಟ್ಟದ ಭೌತವಿಜ್ಞಾನ, ಒಂದು ಪೆನ್ಸಿಲು, ಒಂದು ಹಾಳೆ ಇದ್ದರೆ ಸಾಕು, ನಿಜವಾದ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ಅದು ಕವಚದ ಉಕ್ಕಿನಲ್ಲಿಲ್ಲ, ಮೋಟಾರಿನಲ್ಲಿಯೂ ಅಷ್ಟಾಗಿ ಇಲ್ಲ. ಒಳಗಿರುವ ಮನುಷ್ಯನಲ್ಲಿದೆ. ಬನ್ನಿ, ಲೆಕ್ಕ ಮಾಡಿಯೇ ನೋಡೋಣ.

ಕಥೆಯ ಹಿನ್ನೆಲೆ

ಎಚ್.ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ಪ್ರಕಟಿಸಿದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದ ಜೀವಿಗಳು ಇಂಗ್ಲೆಂಡಿನ ಮೇಲೆ ದಾಳಿ ಮಾಡುತ್ತವೆ. ಅಲ್ಲಿ ಯಂತ್ರದೊಳಗೆ ಕುಳಿತವರು ಆಕ್ರಮಣಕಾರರು. ಮೂರು ಕಾಲಿನ ಎತ್ತರದ ಯುದ್ಧಯಂತ್ರಗಳಲ್ಲಿ ಅವರು ನಡೆದಾಡುತ್ತಾರೆ. ಮನುಷ್ಯರ ಬಳಿ ಅಂಥದ್ದೇನೂ ಇಲ್ಲ.

1959ರಲ್ಲಿ ಅಮೆರಿಕದ ರಾಬರ್ಟ್ ಹೈನ್‌ಲೈನ್ 'ಸ್ಟಾರ್‌ಶಿಪ್ ಟ್ರೂಪರ್ಸ್' ಕಾದಂಬರಿಯಲ್ಲಿ ಯಂತ್ರವನ್ನು ಮನುಷ್ಯನಿಗೆ ತೊಡಿಸಿದರು. ಅವರು ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಕಲಿತವರು. ಕ್ಷಯರೋಗದಿಂದಾಗಿ 1934ರಲ್ಲಿ ನೌಕಾಸೇವೆಯಿಂದ ಹೊರಬಂದವರು. ಅವರ ಸೈನಿಕರು ಸುಮಾರು ಎರಡು ಸಾವಿರ ಪೌಂಡ್, ಅಂದರೆ 900 ಕಿಲೋಗ್ರಾಂ ತೂಗುವ ಉಡುಪು ತೊಟ್ಟು ಕಟ್ಟಡಗಳನ್ನು ಹಾರಿ ದಾಟುತ್ತಾರೆ, ಕೀಟಗಳನ್ನು ಹೋಲುವ ದೈತ್ಯ ವೈರಿಗಳೊಡನೆ ಹೋರಾಡುತ್ತಾರೆ. 1997ರಲ್ಲಿ ಇದು ಸಿನಿಮಾ ಆದಾಗ ಕೀಟಗಳು ಉಳಿದವು, ಯಂತ್ರಕವಚ ಮಾತ್ರ ಬಿಟ್ಟುಹೋಯಿತು!

ಮೂರನೆಯವರು ಜೋ ಹಾಲ್ಡೆಮನ್. ಭೌತವಿಜ್ಞಾನ ಮತ್ತು ಖಗೋಳವಿಜ್ಞಾನದಲ್ಲಿ ಪದವಿ ಪಡೆದ ವರ್ಷವೇ, 1967ರಲ್ಲಿ, ಅವರನ್ನು ಕಡ್ಡಾಯ ಸೈನಿಕ ಸೇವೆಗೆ ಸೇರಿಸಿಕೊಳ್ಳಲಾಯಿತು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಮರಳಿದ ಅವರು 1974ರಲ್ಲಿ 'ದಿ ಫಾರೆವರ್ ವಾರ್' ಕಾದಂಬರಿಯನ್ನು ಪ್ರಕಟಿಸಿದರು. ಹೈನ್‌ಲೈನ್‌ರ ಕಾದಂಬರಿಯಂತೆಯೇ ಇಲ್ಲಿಯೂ ಯಂತ್ರಕವಚವಿದೆ, ಅನ್ಯಗ್ರಹ ವೈರಿಯಿದೆ. ಆದರೆ ಎರಡೂ ಪುಸ್ತಕಗಳ ಸ್ವಭಾವ ಬೇರೆ ಬೇರೆ. ಅದು ಹೇಗೆ ಎಂಬುದನ್ನು ಆಮೇಲೆ ನೋಡೋಣ.

ಜಿಗಿತದ ಲೆಕ್ಕ

ಉಡುಪು ಮತ್ತು ಮನುಷ್ಯ ಸೇರಿ ಲೆಕ್ಕದ ಅನುಕೂಲಕ್ಕೆ 1,000 ಕಿಲೋಗ್ರಾಂ ಎನ್ನೋಣ. ಹತ್ತು ಮಹಡಿಯ ಕಟ್ಟಡದಷ್ಟು, ಅಂದರೆ 30 ಮೀಟರ್ ಎತ್ತರಕ್ಕೆ ಜಿಗಿಯಬೇಕು. ಬೇಕಾಗುವ ಶಕ್ತಿ ಎಷ್ಟು? ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಈ ಮೂರರ ಗುಣಲಬ್ಧ: 1,000 × 9.8 × 30 = 2,94,000 ಜೂಲ್. ಇದೇನೂ ದೊಡ್ಡ ಮೊತ್ತವಲ್ಲ. ಒಂದು ಕಿಲೋಗ್ರಾಂ ಒಳ್ಳೆಯ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಸುಮಾರು 7 ಲಕ್ಷ ಜೂಲ್ ಶಕ್ತಿ ಇರುತ್ತದೆ. ನಷ್ಟಗಳನ್ನು ಲೆಕ್ಕಿಸದಿದ್ದರೆ ಅರ್ಧ ಕಿಲೋ ಬ್ಯಾಟರಿಯೇ ಒಂದು ಜಿಗಿತಕ್ಕೆ ಸಾಕು.

ಹಾಗಾದರೆ ತೊಂದರೆ ಎಲ್ಲಿ? ಆ ಶಕ್ತಿಯನ್ನು ಎಷ್ಟು ಹೊತ್ತಿನಲ್ಲಿ ಕೊಡಬೇಕು ಎಂಬಲ್ಲಿ. 30 ಮೀಟರ್ ಏರಬೇಕಾದರೆ ಪಾದ ನೆಲ ಬಿಡುವ ಕ್ಷಣದಲ್ಲಿ ವೇಗ ಸೆಕೆಂಡಿಗೆ ಸುಮಾರು 24 ಮೀಟರ್ ಇರಬೇಕು, ಅಂದರೆ ಗಂಟೆಗೆ 87 ಕಿಲೋಮೀಟರ್. ಈ ವೇಗವನ್ನು ಗಳಿಸಲು ಸಿಗುವ ದೂರವಾದರೂ ಎಷ್ಟು? ಮಂಡಿ ಬಗ್ಗಿಸಿ ನೆಟ್ಟಗೆ ನಿಲ್ಲುವಷ್ಟು, ಹೆಚ್ಚೆಂದರೆ ಅರ್ಧ ಮೀಟರ್. ಅರ್ಧ ಮೀಟರಿನಲ್ಲಿ ಸೊನ್ನೆಯಿಂದ 24ಕ್ಕೆ ಏರಲು ಹಿಡಿಯುವ ಕಾಲ ಸೆಕೆಂಡಿನ ನೂರನೆಯ ನಾಲ್ಕು ಭಾಗ. ಶಕ್ತಿಯನ್ನು ಕಾಲದಿಂದ ಭಾಗಿಸಿದರೆ ಸಾಮರ್ಥ್ಯ ಸುಮಾರು 70 ಲಕ್ಷ ವಾಟ್ ಎಂದಾಗುತ್ತದೆ. ನಮ್ಮ ರೈಲ್ವೆಯ ಡಬ್ಲ್ಯು.ಎ.ಪಿ.-7 ವಿದ್ಯುತ್ ಎಂಜಿನ್‌ನ ಸಾಮರ್ಥ್ಯ 6,350 ಅಶ್ವಶಕ್ತಿ, ಅಂದರೆ ಸುಮಾರು 47 ಲಕ್ಷ ವಾಟ್. ಇಡೀ ರೈಲನ್ನು ಎಳೆಯುವಂಥ ಒಂದೂವರೆ ಎಂಜಿನ್ನನ್ನು ನಮ್ಮ ಯೋಧ ಕಾಲಿಗೆ ಕಟ್ಟಿಕೊಳ್ಳಬೇಕು!

ಇರಲಿ, ಅಂಥ ಮೋಟಾರು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಈಗ ಒಳಗಿರುವವನ ಪಾಡು ನೋಡಿ. ಜಿಗಿತದ ಎತ್ತರವನ್ನು ಕಾಲು ಚಾಚುವ ದೂರದಿಂದ ಭಾಗಿಸಿದರೆ ವೇಗೋತ್ಕರ್ಷ ಗುರುತ್ವದ ಎಷ್ಟು ಪಟ್ಟು ಎಂಬುದು ನೇರವಾಗಿ ಸಿಗುತ್ತದೆ. 30ನ್ನು ಅರ್ಧದಿಂದ ಭಾಗಿಸಿದರೆ 60. ಅಂದರೆ 60 ಜಿ. ಈ ಸರಳ ಭಾಗಾಕಾರದಲ್ಲಿ ಉಡುಪಿನ ದ್ರವ್ಯರಾಶಿಯ ಮಾತೇ ಇಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡಿ. ಉಡುಪನ್ನು ಎಷ್ಟೇ ಹಗುರ ಮಾಡಿದರೂ ಒಳಗಿನವನಿಗೆ ಆಗುವುದು ಅದೇ 60 ಜಿ.

ಇದರ ಅರ್ಥವೇನೆಂದು ತಿಳಿಯಲು ಒಂದು ನಿಜವಾದ ಪ್ರಯೋಗ ನೆರವಾಗುತ್ತದೆ. 1954ರ ಡಿಸೆಂಬರ್ 10ರಂದು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ ರಾಕೆಟ್‌ನಿಂದ ಓಡುವ ಹಳಿಬಂಡಿಯಲ್ಲಿ ಕುಳಿತು ಗಂಟೆಗೆ ಸುಮಾರು 1,000 ಕಿಲೋಮೀಟರ್ ವೇಗ ತಲುಪಿದರು. ಅನಂತರ ಬಂಡಿಯನ್ನು ಸುಮಾರು 1.4 ಸೆಕೆಂಡಿನಲ್ಲಿ ನಿಲ್ಲಿಸಲಾಯಿತು. ಒಂದು ಕ್ಷಣ ಅವರ ದೇಹದ ಮೇಲೆ 46 ಜಿ ಬಿತ್ತು. ಅವರು ಬದುಕಿ ಉಳಿದರು. ಆದರೆ ಕಣ್ಣಿನ ರಕ್ತನಾಳಗಳು ಒಡೆದು ಸ್ವಲ್ಪ ಕಾಲ ದೃಷ್ಟಿ ಹೋಗಿತ್ತು. ಗಮನಿಸಿ, ಅವರ ಮೇಲೆ ಬಲ ಬಿದ್ದದ್ದು ಎದೆಯಿಂದ ಬೆನ್ನಿನ ದಿಕ್ಕಿನಲ್ಲಿ. ಜಿಗಿಯುವವನಿಗೆ ಅದು ಬೀಳುವುದು ಬೆನ್ನುಹುರಿಯ ಉದ್ದಕ್ಕೆ. ಈ ದಿಕ್ಕಿನಲ್ಲಿ ದೇಹದ ಸಹನೆ ಇನ್ನೂ ಕಡಿಮೆ. ಯುದ್ಧವಿಮಾನದಿಂದ ಆಸನ ಸಮೇತ ಹೊರಚಿಮ್ಮುವ ಪೈಲಟ್‌ಗಳಲ್ಲಿ ಬೆನ್ನುಮೂಳೆ ಬಿರುಕು ಬಿಡುವುದು ಅಪರೂಪವೇನಲ್ಲ. ಅಲ್ಲಿನ ವೇಗೋತ್ಕರ್ಷ ನಮ್ಮ ಯೋಧನದಕ್ಕಿಂತ ಎಷ್ಟೋ ಕಡಿಮೆ.

ಉಕ್ಕಿನ ಕವಚ ಅವನನ್ನು ಕಾಪಾಡುವುದಿಲ್ಲವೇ? ಇಲ್ಲ. ಒಂದು ಹಸಿ ಮೊಟ್ಟೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮಹಡಿಯಿಂದ ಕೆಳಗೆ ಬಿಡಿ. ಡಬ್ಬಿಗೆ ಏನೂ ಆಗುವುದಿಲ್ಲ, ಮೊಟ್ಟೆ ಒಡೆದಿರುತ್ತದೆ. ಡಬ್ಬಿಯ ತುಂಬ ಭತ್ತದ ಹೊಟ್ಟು ತುಂಬಿ, ಮೊಟ್ಟೆಯನ್ನು ನಡುವೆ ಹುದುಗಿಸಿ ಬಿಟ್ಟರೆ ಅದು ಉಳಿಯುವ ಸಾಧ್ಯತೆ ಹೆಚ್ಚು. ಹೊಟ್ಟು ಮೊಟ್ಟೆಗೆ ನಿಲ್ಲಲು ಸ್ವಲ್ಪ ಹೆಚ್ಚು ದೂರ ಕೊಟ್ಟಿತು, ಅಷ್ಟೆ. ಕವಚ ಗುಂಡನ್ನು ತಡೆಯಬಲ್ಲದು, ಜಡತ್ವವನ್ನು ತಡೆಯಲಾರದು.

ಹೈನ್‌ಲೈನ್ ಇದನ್ನು ಬಲ್ಲವರಂತೆ ಬರೆದಿದ್ದಾರೆ. ಅವರ ಉಡುಪಿನಲ್ಲಿ ಕಾಲಿನ ಬಲದ ಜೊತೆಗೆ ಜಿಗಿತಕ್ಕೆ ನೆರವಾಗುವ ಜೆಟ್‌ಗಳೂ ಇವೆ. ಜೆಟ್ ನೆಲ ಬಿಟ್ಟ ಮೇಲೂ ತಳ್ಳುತ್ತಿರುತ್ತದೆ. ಮೊದಲ 10 ಮೀಟರ್ ಉದ್ದಕ್ಕೂ ಒಂದೇ ಸಮನೆ ತಳ್ಳಿ, ಉಳಿದ 20 ಮೀಟರನ್ನು ಗಳಿಸಿದ ವೇಗದಲ್ಲೇ ಏರಿದರೆ ವೇಗೋತ್ಕರ್ಷ ಕೇವಲ 2 ಜಿ. ತನ್ನ ತೂಕವೂ ಸೇರಿ ಯೋಧನಿಗೆ 3 ಜಿ ಅನುಭವವಾಗುತ್ತದೆ. ಇದನ್ನು ಆರೋಗ್ಯವಂತ ಮನುಷ್ಯ ತಡೆದುಕೊಳ್ಳಬಲ್ಲ. ಇಳಿಯುವಾಗಲೂ ಇದೇ ಲೆಕ್ಕ: ಜೆಟ್ ಇಲ್ಲದೆ ಕಾಲೂರಿದರೆ ಮತ್ತೆ ಅದೇ 60 ಜಿ ಕಾದಿರುತ್ತದೆ.

ಕಾಲ ಕೆಳಗಿನ ನೆಲ

ನಮ್ಮ ಯೋಧ ಸುಮ್ಮನೆ ನಡೆಯುತ್ತಾನೆ ಎಂದುಕೊಳ್ಳೋಣ. ಒಂದು ಪಾದದ ವಿಸ್ತೀರ್ಣ 300 ಚದರ ಸೆಂಟಿಮೀಟರ್ ಇರಲಿ. ನಡೆಯುವಾಗ ಒಂದು ಪಾದ ಮಾತ್ರ ನೆಲದ ಮೇಲಿರುವ ಕ್ಷಣಗಳುಂಟು. ಆಗ ನೆಲದ ಮೇಲಿನ ಒತ್ತಡ ಸುಮಾರು 330 ಕಿಲೋಪಾಸ್ಕಲ್. ಐವತ್ತು ಟನ್ನಿಗೂ ಹೆಚ್ಚು ತೂಗುವ ಯುದ್ಧ ಟ್ಯಾಂಕು ತನ್ನ ಅಗಲವಾದ ಪಟ್ಟಿಗಳಿಂದಾಗಿ ನೆಲದ ಮೇಲೆ ಹೇರುವುದು ಸುಮಾರು 100 ಕಿಲೋಪಾಸ್ಕಲ್ ಮಾತ್ರ. ಟ್ಯಾಂಕು ದಾಟಿಹೋದ ಹಸಿ ಗದ್ದೆಯಲ್ಲಿ ನಮ್ಮ ಯಂತ್ರಕವಚದ ವೀರ ಮಂಡಿಯವರೆಗೆ ಹೂತು ನಿಂತಿರುತ್ತಾನೆ. ಕಥೆಗಳಲ್ಲಿ ಈ ದೃಶ್ಯ ಕಾಣುವುದು ಕಡಿಮೆ.

ಮಾತು ಕೇಳದ ಕೈ

ಇನ್ನು ನಿಯಂತ್ರಣದ ಪ್ರಶ್ನೆ. ಒಳಗಿರುವವನು ಕೈ ಎತ್ತಿದರೆ ಉಡುಪಿನ ಕೈಯೂ ಏಳಬೇಕು. ಗುಂಡಿ ಒತ್ತಲು, ಸನ್ನೆಕೋಲು ಎಳೆಯಲು ಯುದ್ಧದಲ್ಲಿ ಪುರಸೊತ್ತಿಲ್ಲ. ಹೈನ್‌ಲೈನ್ ಕೊಟ್ಟ ಉತ್ತರ ಋಣ ಫೀಡ್‌ಬ್ಯಾಕ್. ಉಡುಪಿನ ಒಳಮೈಯಲ್ಲಿ ನೂರಾರು ಒತ್ತಡ ಸಂವೇದಕಗಳಿವೆ. ನಿಮ್ಮ ಕೈ ಒಳಮೈಯನ್ನು ತಳ್ಳಿದ ಕೂಡಲೇ ಸಂವೇದಕಕ್ಕೆ ಅದು ತಿಳಿಯುತ್ತದೆ. ಒತ್ತಡ ಇಲ್ಲವಾಗುವವರೆಗೆ ಮೋಟಾರು ಉಡುಪಿನ ಕೈಯನ್ನು ಅದೇ ದಿಕ್ಕಿಗೆ ಸರಿಸುತ್ತದೆ. ತಪ್ಪನ್ನು ಅಳೆದು ಅದನ್ನು ಕಡಿಮೆ ಮಾಡುವುದೇ ಋಣ ಫೀಡ್‌ಬ್ಯಾಕ್‌ನ ತಿರುಳು.

ಕಲ್ಪನೆ ಸರಿಯಾಗಿದೆ. ಆದರೆ ಅದಕ್ಕೊಂದು ಶತ್ರುವಿದೆ: ವಿಳಂಬ. ಗೀಸರ್‌ನಿಂದ ದೂರವಿರುವ ನಲ್ಲಿಯಲ್ಲಿ ಸ್ನಾನ ಮಾಡುವಾಗ ನೀವಿದನ್ನು ಅನುಭವಿಸಿರುತ್ತೀರಿ. ನೀರು ತಣ್ಣಗಿದೆ ಎಂದು ಬಿಸಿನೀರಿನ ನಲ್ಲಿ ತಿರುಗಿಸುತ್ತೀರಿ. ಬಿಸಿನೀರು ಬರುವುದು ತಡ, ಇನ್ನಷ್ಟು ತಿರುಗಿಸುತ್ತೀರಿ. ಒಮ್ಮೆಲೇ ಸುಡುನೀರು ಬರುತ್ತದೆ. ಗಾಬರಿಯಿಂದ ಹಿಂದಕ್ಕೆ ತಿರುಗಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ತಣ್ಣೀರು. ತಿದ್ದುಪಡಿ ತಡವಾಗಿ ಬಂದರೆ ಅದು ತಪ್ಪನ್ನು ಕಡಿಮೆ ಮಾಡುವ ಬದಲು ಹೆಚ್ಚಿಸುತ್ತದೆ. ಅರ್ಧ ಸೆಕೆಂಡ್ ಆವರ್ತಕಾಲದಲ್ಲಿ ಅಲುಗುವ ಕಾಲಿಗೆ ಕಾಲು ಸೆಕೆಂಡ್ ತಡವಾಗಿ ತಿದ್ದುಪಡಿ ಬಂದರೆ ಅದು ಸರಿಯಾಗಿ ವಿರುದ್ಧ ಪ್ರಾವಸ್ಥೆಯಲ್ಲಿರುತ್ತದೆ. ಋಣ ಫೀಡ್‌ಬ್ಯಾಕ್ ಧನ ಫೀಡ್‌ಬ್ಯಾಕ್ ಆಗಿಬಿಡುತ್ತದೆ. ಬಲದ ವರ್ಧನೆ ಎಷ್ಟು ಹೆಚ್ಚೋ ಅಪಾಯವೂ ಅಷ್ಟೇ ಹೆಚ್ಚು. ಉಡುಪು ನಡುಗಿದರೆ ಒಳಗಿನ ಕೈಯೂ ನಡುಗುತ್ತದೆ. ಆ ನಡುಕವನ್ನು ಸಂವೇದಕ ಹೊಸ ಆಜ್ಞೆ ಎಂದೇ ತಿಳಿಯುತ್ತದೆ.

ಇದು ಬರಿಯ ಊಹೆಯಲ್ಲ. 1965ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇನೆಯ ನೆರವಿನಿಂದ 'ಹಾರ್ಡಿಮನ್' ಎಂಬ ಯಂತ್ರಕವಚದ ಕೆಲಸವನ್ನು ಕೈಗೆತ್ತಿಕೊಂಡಿತು. 1,500 ಪೌಂಡ್, ಅಂದರೆ 680 ಕಿಲೋಗ್ರಾಂ ಭಾರ ಎತ್ತುವುದು ಗುರಿ. ಯಂತ್ರದ ತೂಕವೂ ಹೆಚ್ಚುಕಡಿಮೆ ಅಷ್ಟೇ. ತೊಟ್ಟವನ ಬಲವನ್ನು 25 ಪಟ್ಟು ಹೆಚ್ಚಿಸುವಂತೆ ಅದನ್ನು ರೂಪಿಸಲಾಗಿತ್ತು. ಒಂದು ಕೈಯನ್ನು ಮಾತ್ರ ಸರಿಯಾಗಿ ಕೆಲಸ ಮಾಡಿಸಲು ಸಾಧ್ಯವಾಯಿತು. ಇಡೀ ಉಡುಪನ್ನು ಚಾಲೂ ಮಾಡಿದಾಗ ಅದು ಹತೋಟಿ ತಪ್ಪಿ ಹಿಂಸಾತ್ಮಕವಾಗಿ ಅಲುಗಾಡಿತು. ಮನುಷ್ಯನನ್ನು ಒಳಗಿಟ್ಟು ಅದನ್ನು ಪೂರ್ತಿಯಾಗಿ ನಡೆಸುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಯೋಜನೆ ಅಲ್ಲಿಗೇ ನಿಂತಿತು.

ಬೆವರು ಮತ್ತು ಬ್ಯಾಟರಿ

ಇಂದಿನ ವೇಗದ ಕಂಪ್ಯೂಟರುಗಳು ವಿಳಂಬದ ಸಮಸ್ಯೆಯನ್ನು ಬಹುಮಟ್ಟಿಗೆ ಬಗೆಹರಿಸಿವೆ. ಹಾಗಿದ್ದೂ ಉಡುಪು ಇನ್ನೂ ಬಂದಿಲ್ಲವೇಕೆ? ಉಷ್ಣಗತಿವಿಜ್ಞಾನ ಅಡ್ಡ ನಿಂತಿದೆ. ಜಿಗಿತವನ್ನೆಲ್ಲ ಬಿಟ್ಟು, ದಿನದ ಎಂಟು ಗಂಟೆ ನಡೆಯುವ, ಹೊರುವ ಕೆಲಸಕ್ಕೆ ಉಡುಪು ಸರಾಸರಿ 3 ಕಿಲೋವಾಟ್ ಯಾಂತ್ರಿಕ ಸಾಮರ್ಥ್ಯ ಬಳಸುತ್ತದೆ ಎನ್ನೋಣ. ದಕ್ಷತೆ ಶೇಕಡ 30 ಇದ್ದರೆ ಬ್ಯಾಟರಿಯಿಂದ 10 ಕಿಲೋವಾಟ್ ಎಳೆಯಬೇಕು. ಎಂಟು ಗಂಟೆಗೆ 80 ಕಿಲೋವಾಟ್-ಗಂಟೆ. ಬ್ಯಾಟರಿಯೊಂದೇ 400 ಕಿಲೋಗ್ರಾಂ ಆಯಿತು! 2010ರಲ್ಲಿ ಅಮೆರಿಕದಲ್ಲಿ ಪ್ರದರ್ಶಿಸಿದ 'ಎಕ್ಸ್‌ಒಎಸ್-2' ಎಂಬ ಉಡುಪು ನಿಜಕ್ಕೂ ಬಲಶಾಲಿಯಾಗಿತ್ತು. ಆದರೆ ಅದಕ್ಕೆ ಬೇಕಾದ ಶಕ್ತಿ ಹೊರಗಿನಿಂದ ಕೊಳವೆಯ ಮೂಲಕ ಬರಬೇಕಾಗಿತ್ತು. ಗೂಟಕ್ಕೆ ಕಟ್ಟಿದ ಹಸುವಿನಂತೆ ಹಗ್ಗ ಇದ್ದಷ್ಟೇ ಅದರ ಓಡಾಟ. 2013ರಲ್ಲಿ ಅಮೆರಿಕದ ವಿಶೇಷ ಕಾರ್ಯಾಚರಣೆ ಪಡೆ 'ಟಾಲೋಸ್' ಎಂಬ ಯಂತ್ರಕವಚ ಯೋಜನೆಯನ್ನು ಘೋಷಿಸಿತು. ಪೂರ್ಣ ಉಡುಪು ಕೈಗೆ ಬಾರದೆಯೇ 2019ರಲ್ಲಿ ಅದು ಮುಗಿಯಿತು.

ಮೇಲಿನ ಲೆಕ್ಕದ ಇನ್ನೊಂದು ಮುಖವನ್ನೂ ನೋಡಿ. 10 ಕಿಲೋವಾಟ್‌ನಲ್ಲಿ 7 ಕಿಲೋವಾಟ್ ಶಾಖವಾಗಿ ಹೋಗುತ್ತದೆ. ಅಂದರೆ ಒಂದು ಸಾವಿರ ವಾಟ್‌ನ ಏಳು ಇಸ್ತ್ರಿಪೆಟ್ಟಿಗೆಗಳು ದಿನವಿಡೀ ಮೈಗೆ ಅಂಟಿಕೊಂಡು ಕಾಯುತ್ತಿರುವಂತೆ. ಭೂಮಿಯ ಮೇಲಾದರೆ ಗಾಳಿ ಒಂದಿಷ್ಟು ಶಾಖವನ್ನು ಒಯ್ಯುತ್ತದೆ. ಗಾಳಿಯೇ ಇಲ್ಲದ ಗ್ರಹದಲ್ಲಿ ವಿಕಿರಣವೊಂದೇ ಗತಿ. ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದ ಪ್ರಕಾರ 77 ಡಿಗ್ರಿ ಸೆಲ್ಸಿಯಸ್ ಅಂದರೆ 350 ಕೆಲ್ವಿನ್ ಉಷ್ಣತೆಯ ಆದರ್ಶ ಕಪ್ಪು ಮೇಲ್ಮೈ ಚದರ ಮೀಟರಿಗೆ ಸುಮಾರು 850 ವಾಟ್ ಹೊರಸೂಸುತ್ತದೆ. 7 ಕಿಲೋವಾಟ್ ಕಳೆದುಕೊಳ್ಳಲು 8 ಚದರ ಮೀಟರಿಗೂ ಹೆಚ್ಚು ಮೇಲ್ಮೈ ಬೇಕು. ವಯಸ್ಕ ಮನುಷ್ಯನ ಮೈಯ ವಿಸ್ತೀರ್ಣ ಸುಮಾರು 1.8 ಚದರ ಮೀಟರ್ ಅಷ್ಟೆ. ಆದ್ದರಿಂದಲೇ ಹಾಲ್ಡೆಮನ್ ತಮ್ಮ ಸೈನಿಕರ ಉಡುಪಿಗೆ ಶಾಖವನ್ನು ಹೊರಹಾಕುವ ರೆಕ್ಕೆಗಳನ್ನು ಜೋಡಿಸಿದ್ದಾರೆ. ಅತಿಶೀತಲ ಲೋಕದಲ್ಲಿ ಹೆಪ್ಪುಗಟ್ಟಿದ ಅನಿಲಕ್ಕೆ ಆ ರೆಕ್ಕೆಗಳು ತಗಲಿದರೆ ಅನಿಲ ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ. ಅವರ ಕಥೆಯಲ್ಲಿ ಸೈನಿಕ ವೈರಿಯ ಮುಖ ನೋಡುವ ಮೊದಲೇ ತನ್ನ ಉಡುಪಿಗೆ ಹೆದರಲು ಕಲಿಯಬೇಕು. ಭೌತವಿಜ್ಞಾನ ಬಲ್ಲವನೂ ಯುದ್ಧಕಂಡವನೂ ಒಬ್ಬನೇ ಆದಾಗ ಮಾತ್ರ ಇಂಥ ವಿವರ ಹೊಳೆಯುತ್ತದೆ.

ದೈತ್ಯ ಕೀಟದ ಗತಿ

ವೈರಿಯನ್ನೂ ಒಮ್ಮೆ ಪರೀಕ್ಷಿಸೋಣ. ಅರ್ಧ ಸೆಂಟಿಮೀಟರ್ ಉದ್ದದ ಇರುವೆಯನ್ನು ಎರಡು ಮೀಟರಿಗೆ ಹಿಗ್ಗಿಸಿದರೆ ಉದ್ದ 400 ಪಟ್ಟು ಆಗುತ್ತದೆ. ತೂಕ ಉದ್ದದ ಘನಕ್ಕೆ ಅನುಗುಣ, ಹಾಗಾಗಿ 6 ಕೋಟಿ 40 ಲಕ್ಷ ಪಟ್ಟು. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಅನುಗುಣ, ಅದು ಹೆಚ್ಚುವುದು 1 ಲಕ್ಷ 60 ಸಾವಿರ ಪಟ್ಟು ಮಾತ್ರ. ತೂಕಕ್ಕೆ ಹೋಲಿಸಿದರೆ ಬಲ 400ನೆಯ ಒಂದು ಭಾಗಕ್ಕೆ ಇಳಿಯಿತು. ತನ್ನ ತೂಕದ 20 ಪಟ್ಟು ಹೊರುತ್ತಿದ್ದ ಇರುವೆ ಈಗ ತನ್ನ ತೂಕದ 20ನೆಯ ಒಂದು ಭಾಗವನ್ನೂ ಕಷ್ಟದಿಂದ ಎತ್ತುತ್ತದೆ. ಎದ್ದು ನಿಲ್ಲುವುದೇ ಅಸಾಧ್ಯ. 1638ರಲ್ಲೇ ಗೆಲಿಲಿಯೊ ವಿವರಿಸಿದ ಈ ವರ್ಗ-ಘನ ನಿಯಮಕ್ಕೆ ಅನ್ಯಗ್ರಹವೆಂಬ ರಿಯಾಯಿತಿ ಇಲ್ಲ. ಗುರುತ್ವ ಬಹಳ ಕಡಿಮೆ ಇರುವ ಗ್ರಹದಲ್ಲಿ ಅಂಥ ಜೀವಿ ನಿಂತೀತು. ಆದರೆ ಭೂಮಿಗೆ ದಾಳಿಗೆಂದು ಬಂದಿಳಿದ ಕ್ಷಣವೇ ಕುಸಿದು ಬೀಳುತ್ತದೆ.

ಹಾಗಾದರೆ ಕಥೆಗಳೆಲ್ಲ ಸುಳ್ಳೇ?

ಇಷ್ಟೆಲ್ಲ ಲೆಕ್ಕ ಮಾಡಿ ವಿಜ್ಞಾನ ಕಥೆಗಳನ್ನು ತಳ್ಳಿಹಾಕಬೇಕೆಂಬುದು ನನ್ನ ಉದ್ದೇಶವಲ್ಲ. ಒಂದು ಕಲ್ಪನೆಯನ್ನು ಒಪ್ಪಿಕೊಂಡ ಮೇಲೆ ಅದರ ಪರಿಣಾಮಗಳನ್ನು ಲೇಖಕ ಎಷ್ಟು ದೂರ ಹಿಂಬಾಲಿಸಿದ್ದಾನೆ ಎಂಬುದನ್ನು ನೋಡಬೇಕು. ಹೈನ್‌ಲೈನ್ ನಿಯಂತ್ರಣದ ತತ್ತ್ವವನ್ನು ಸರಿಯಾಗಿ ಹಿಡಿದರು. ಹಾಲ್ಡೆಮನ್ ಇನ್ನೂ ಮುಂದೆ ಹೋದರು. ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಪಯಣಿಸುವ ಅವರ ಸೈನಿಕನಿಗೆ ಕೆಲವೇ ವರ್ಷ ಕಳೆದಿರುವಾಗ ಭೂಮಿಯಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಉರುಳಿರುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಕಾಲವಿಸ್ತರಣೆ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಮರಳಿ ಬಂದ ಸೈನಿಕನಿಗೆ ತನ್ನ ಊರು, ಜನ, ಭಾಷೆ ಎಲ್ಲವೂ ಪರಕೀಯವಾಗುವ ನೋವನ್ನು ಅದು ಹೇಳುತ್ತದೆ. ಕೊನೆಯಲ್ಲಿ ಆ ಯುದ್ಧ ಶುರುವಾದದ್ದೇ ತಪ್ಪು ತಿಳಿವಳಿಕೆಯಿಂದ ಎಂಬುದು ಗೊತ್ತಾಗುತ್ತದೆ. ಕವಚ ಅವನ ತೋಳಿನ ಬಲವನ್ನು ಹೆಚ್ಚಿಸಿತ್ತು. ವೈರಿ ಯಾರು, ಏಕೆ ಎಂಬ ಅರಿವನ್ನು ಹೆಚ್ಚಿಸುವ ಮೋಟಾರು ಅದರಲ್ಲಿ ಇರಲಿಲ್ಲ.

ಯಂತ್ರಕವಚವೂ ಪೂರ್ತಿಯಾಗಿ ಕಥೆಯಲ್ಲೇ ಉಳಿಯಲಿಲ್ಲ. 1997ರ ಅಪಘಾತವೊಂದರಲ್ಲಿ ಪಾರ್ಶ್ವವಾಯುವಿಗೆ ಒಳಗಾದ ಇಸ್ರೇಲಿನ ಎಂಜಿನಿಯರ್ ಅಮಿತ್ ಗೊಫೆರ್, ಕಾಲಿನ ಸ್ವಾಧೀನ ಕಳೆದುಕೊಂಡವರು ಎದ್ದು ನಡೆಯಲು ನೆರವಾಗುವ 'ರೀವಾಕ್' ಎಂಬ ಸಾಧನವನ್ನು ರೂಪಿಸಿದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ 2014ರಲ್ಲಿ ಅನುಮತಿ ಕೊಟ್ಟಿತು. ಗೊಫೆರ್ ಅವರಿಗೆ ಕೈಗಳ ಬಲವೂ ಸಾಲದ್ದರಿಂದ ತಾವು ಕಂಡುಹಿಡಿದ ಸಾಧನವನ್ನು ತಾವೇ ಬಳಸಲಾಗಲಿಲ್ಲ. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಯೋಶಿಯುಕಿ ಸಂಕಾಯಿ ರೂಪಿಸಿದ 'ಹಾಲ್' ಉಡುಪು ಚರ್ಮದ ಮೇಲಿನ ಕ್ಷೀಣ ವಿದ್ಯುತ್ ಸಂಕೇತಗಳನ್ನು ಗ್ರಹಿಸಿ ಕಾಲಿಗೆ ನೆರವು ನೀಡುತ್ತದೆ.

ಯುದ್ಧಭೂಮಿಯಲ್ಲಿ ಸೋತ ಉಡುಪು ಆಸ್ಪತ್ರೆಯಲ್ಲಿ ಗೆದ್ದದ್ದು ಹೇಗೆ? ನಮ್ಮ ಲೆಕ್ಕಗಳಲ್ಲೇ ಉತ್ತರವಿದೆ. ರೋಗಿ ಹತ್ತು ಮಹಡಿ ಜಿಗಿಯಬೇಕಾಗಿಲ್ಲ, ಆದ್ದರಿಂದ ರೈಲು ಎಂಜಿನ್ ಬೇಡ. ಅವನು ಅನುಭವಿಸುವುದು ಬರೀ 1 ಜಿ. ಹೆಜ್ಜೆ ನಿಧಾನ, ಹಾಗಾಗಿ ವಿಳಂಬ ಅಪಾಯಕಾರಿಯಲ್ಲ. ಸಾಮರ್ಥ್ಯ ಕಡಿಮೆ ಸಾಕು, ಹಾಗಾಗಿ ಬ್ಯಾಟರಿ ಚಿಕ್ಕದು, ಶಾಖವೂ ಅಲ್ಪ. ಎದ್ದು ನಾಲ್ಕು ಹೆಜ್ಜೆ ಇಡುವ ಆಸೆಗೆ ಭೌತವಿಜ್ಞಾನದ ನಿಯಮಗಳು ಅಡ್ಡ ಬರುವುದಿಲ್ಲ.

ಮುಂದಿನ ಸಲ ನಿಮ್ಮ ವಿದ್ಯಾರ್ಥಿಗಳು ಇಂಥ ಸಿನಿಮಾ ನೋಡಿ ಬಂದು ಮಾತಾಡಿದರೆ ಗದರಿಸಬೇಡಿ. ಅವರ ಕೈಗೆ ಪೆನ್ಸಿಲು ಕೊಟ್ಟು ಒಂದು ಪ್ರಶ್ನೆ ಕೇಳಿ: ಇದೇ ಯೋಧ ಮಂಗಳ ಗ್ರಹದಲ್ಲಿ ಇದೇ 30 ಮೀಟರ್ ಜಿಗಿದರೆ ಅವನ ಬೆನ್ನುಹುರಿ ಉಳಿಯುತ್ತದೆಯೇ? ಅಲ್ಲಿನ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 3.7 ಮೀಟರ್. ಉಳಿದದ್ದನ್ನು ಅವರೇ ಲೆಕ್ಕ ಹಾಕಲಿ.